ಜರಿಯಪ್ಪನ ಕಾವಲು

ಒಂದು ಕುರುಚಲು ಕಾಡಿನಲ್ಲಿ ಕೆಮ್ಮಣ್ಣಿನ ದಿಬ್ಬವಿತ್ತು. ಆ ದಿಬ್ಬದಲ್ಲಿ ಕೆಂಚಿ ಎಂಬ ಎಳೆಯ ಜೇಡ ಬಿಲ ತೋಡಿಕೊಂಡು ವಾಸವಾಗಿದ್ದಳು. ಮೂಲೆಯಲ್ಲಿ ಬಲೆ ಕಟ್ಟುವ ಬಡಕಲು ಜೇಡವಲ್ಲ. ಮೈತುಂಬ ರೋಮವಿರುವ, ನೆಲದಲ್ಲಿ ಬದುಕುವ, ಟರಂಟುಲಾ ಎನ್ನುತ್ತಾರಲ್ಲ, ಆ ಜಾತಿಯವಳು.

ದಿಬ್ಬದ ಕೆಳಗೆ ಕೊಳೆತ ದಿಮ್ಮಿಯ ಅಡಿಯಲ್ಲಿ ಜರಿಯಪ್ಪ ಎಂಬ ಜರಿಹುಳ ಇದ್ದ. ಮಳೆ ಬಂದರೆ ಅವನ ಮನೆಯೊಳಗೆ ನೀರು. ಕೆಂಚಿಯ ಬಿಲವೋ, ಎಂಥ ಮಳೆಗೂ ಒಣಗಿಯೇ ಇರುತ್ತಿತ್ತು. ಅದರ ಮೇಲೆ ಜರಿಯಪ್ಪನ ಕಣ್ಣು ಬಿದ್ದು ಬಹಳ ಕಾಲವಾಗಿತ್ತು. ಬಿಲವೂ ಸಿಗುತ್ತದೆ, ಜೊತೆಗೆ ಒಂದು ಹೊತ್ತಿನ ಭರ್ಜರಿ ಊಟವೂ ಆಗುತ್ತದೆ. ಆದರೆ ಕೆಂಚಿಯ ವಿಷದ ಹಲ್ಲುಗಳನ್ನು ನೆನೆದರೆ ಅವನ ಕಾಲುಗಳೆಲ್ಲ ಒಟ್ಟಿಗೆ ನಡುಗುತ್ತಿದ್ದವು. ಅಷ್ಟೊಂದು ಕಾಲುಗಳು ನಡುಗುವುದೆಂದರೆ ಸಣ್ಣ ಮಾತಲ್ಲ.

ಅವನಿಗೆ ಒಂದು ಗುಟ್ಟು ಗೊತ್ತಿತ್ತು. ಜೇಡಗಳು ಬೆಳೆಯುವಾಗ ಹಾವಿನಂತೆ ಪೊರೆ ಬಿಡುತ್ತವೆ. ಆಗ ಅಂಗಾತ ಮಲಗಿಬಿಡುತ್ತವೆ. ಹೊರಬಂದ ಹೊಸ ಮೈ ಬೆಣ್ಣೆಯಷ್ಟು ಮೆತ್ತಗೆ. ಹೊಸ ಹಲ್ಲು ಗಟ್ಟಿಯಾಗುವ ತನಕ ಅವು ಯಾರನ್ನೂ ಕಚ್ಚಲಾರವು. ಹಿಂದಿನ ವರ್ಷ ಮುದಿ ಜೇಡ ಕರಿಯವ್ವ ಪೊರೆ ಬಿಟ್ಟದ್ದನ್ನು ಅವನು ಕಲ್ಲಿನ ಸಂದಿಯಿಂದ ನೋಡಿದ್ದ. ಬೆಳಿಗ್ಗೆ ಮಲಗಿದವಳು ಕತ್ತಲಾದರೂ ಒಂದೊಂದೇ ಕಾಲನ್ನು ಎಳೆದುಕೊಳ್ಳುತ್ತಲೇ ಇದ್ದಳು. ಆಮೇಲೂ ವಾರಗಟ್ಟಲೆ ಏನೂ ತಿನ್ನದೆ ಬಿದ್ದುಕೊಂಡಿದ್ದಳು. ಆಗ ಜರಿಯಪ್ಪ ಇನ್ನೂ ಚಿಕ್ಕವನು, ಧೈರ್ಯ ಸಾಲಲಿಲ್ಲ. ನೋಡಿದ್ದನ್ನು ಮಾತ್ರ ಮರೆಯಲಿಲ್ಲ.

ಮಳೆಗಾಲ ಹತ್ತಿರ ಬಂದಾಗ ಕೆಂಚಿ ಊಟ ಬಿಟ್ಟಳು. ಕಾಲಬುಡಕ್ಕೆ ಬಂದ ಮಿಡತೆಯನ್ನೂ ಮುಟ್ಟಲಿಲ್ಲ. ಅವಳ ಹೊಟ್ಟೆ ಕಪ್ಪಗಾಗಿ ಹೊಳೆಯತೊಡಗಿತು. ಪೊರೆ ಬಿಡುವ ಕಾಲ ಬಂತೆಂದು ಅವಳಿಗೂ ಗೊತ್ತಾಯಿತು, ಜರಿಯಪ್ಪನಿಗೂ ಗೊತ್ತಾಯಿತು. ಅವಳು ಬಿಲದ ಬಾಯಿಗೆ ನೂಲಿನ ಪರದೆ ನೇಯುತ್ತಿದ್ದಾಗ ಅವನು ಮೆಲ್ಲನೆ ಬಂದು ಕ್ಷೇಮ ಸಮಾಚಾರ ಕೇಳಿದ. ಬಾಗಿಲು ಮುಚ್ಚಿಕೊಂಡರೆ ಈ ಸೆಕೆಗೆ ಉಸಿರು ಕಟ್ಟುತ್ತದೆಂದು ಹೆದರಿಸಿದ. ಎಷ್ಟೋ ಎಳೆಯ ಜೇಡಗಳು ಹಾಗೆಯೇ ಸತ್ತವೆಂದು ಒಂದು ಕಟ್ಟುಕಥೆಯನ್ನೂ ಹೇಳಿದ.

"ಹಾಗಾದ್ರೆ ಏನ್ಮಾಡ್ಲಿ ಮಾವ? ಇರುವೆ ಗಿರುವೆ ಬಂದ್ರೆ?" ಎಂದಳು ಕೆಂಚಿ.

"ನಾನಿಲ್ವೇನಮ್ಮ? ಬಾಗಿಲು ತೆಗೆದಿಟ್ಟು ಆರಾಮಾಗಿ ಮಲಕ್ಕೋ. ನಾನು ಕಾವಲಿರ್ತೀನಿ."

ಕೆಂಚಿ ನಂಬಿದಳು. ಎಳೆಯ ವಯಸ್ಸು, ಸಿಹಿ ಮಾತಿನ ಹಿಂದೆ ಏನಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ನೇಯ್ದಿದ್ದಷ್ಟು ಪರದೆಯನ್ನೂ ಹರಿದು ಹಾಕಿದಳು.

ಮಾರನೆಯ ದಿನ ಬೆಳಿಗ್ಗೆ ಅವಳು ಅಂಗಾತ ಮಲಗಿದಳು. ಜರಿಯಪ್ಪ ಇಣುಕಿ ನೋಡಿದ. ಬಾಯಲ್ಲಿ ನೀರೂರಿತು. ಆದರೂ ಅವಸರಪಡಲಿಲ್ಲ. ಈಗ ಬಾಯಿ ಹಾಕಿದರೆ ಗಟ್ಟಿ ಪೊರೆಯೂ ಇದೆ, ಹಳೆಯ ಹಲ್ಲೂ ಇದೆ. ಮೊದಲು ಪೊರೆ ಕಳಚಲಿ, ಮೈ ಮೆತ್ತಗಾಗಲಿ. ಕರಿಯವ್ವನಿಗೆ ಕತ್ತಲಾಗಿತ್ತು, ಇವಳಿಗೂ ಕತ್ತಲಾಗುತ್ತದೆ ಎಂದು ಲೆಕ್ಕ ಹಾಕಿ, ದಿಮ್ಮಿಯ ಅಡಿಗೆ ಹೋಗಿ ಚೆನ್ನಾಗಿ ನಿದ್ದೆ ಹೊಡೆದ.

ಲೆಕ್ಕ ತಪ್ಪಿದ್ದು ಅಲ್ಲೇ. ಎಳೆಯ ಜೇಡಕ್ಕೆ ಪೊರೆ ಬಿಡಲು ಹೆಚ್ಚು ಹೊತ್ತು ಬೇಡ. ಜರಿಯಪ್ಪ ಮಗ್ಗುಲು ಬದಲಿಸುವಷ್ಟರಲ್ಲಿ ಕೆಂಚಿ ಅಂಗಿ ಕಳಚಿದ ಹಾಗೆ ಹೊರಗೆ ಬಂದಿದ್ದಳು. ಪೊರೆಯನ್ನು ಬಾಗಿಲ ಕಡೆಗೆ ತಳ್ಳಿ, ತೆವಳಿಕೊಂಡು ಬಿಲದ ತಳಕ್ಕೆ ಹೋಗಿ ಬಿದ್ದುಕೊಂಡಳು. ಆ ಪೊರೆಗೆ ಎಂಟೂ ಕಾಲುಗಳಿದ್ದವು, ರೋಮವಿತ್ತು, ಹಳೆಯ ಹಲ್ಲೂ ಅಂಟಿಕೊಂಡಿತ್ತು. ನೋಡಿದವರಿಗೆ ಅದೇ ಕೆಂಚಿ.

ಜರಿಹುಳಗಳಿಗೆ ಕಣ್ಣು ಮಂದ. ಸಂಜೆ ಬಂದ ಜರಿಯಪ್ಪ ಪೊರೆಯನ್ನು ಕೆಂಚಿಯೆಂದೇ ತಿಳಿದ. ಇನ್ನೂ ಶುರುವೇ ಆಗಿಲ್ಲ ಎಂದುಕೊಂಡ. ಮರುದಿನವೂ ಅದು ಅಲ್ಲಾಡಲಿಲ್ಲ. ಇವಳು ಕರಿಯವ್ವನಿಗಿಂತ ಸೋಮಾರಿ ಎಂದು ಬೈದುಕೊಂಡು ಬಾಗಿಲಲ್ಲೇ ಕೂತ. ಬೇರೆ ಯಾರಾದರೂ ಬಂದು ತಿಂದುಬಿಟ್ಟಾರೆಂದು ಊಟಕ್ಕೂ ಏಳಲಿಲ್ಲ. ಇರುವೆಗಳು ಸಾಲುಗಟ್ಟಿ ಬಂದವು. ಮೈತುಂಬ ಕಚ್ಚಿಸಿಕೊಂಡು ಅವನ್ನು ಓಡಿಸಿದ. ಒಂದು ಚೇಳು ಬಂದು ಇಣುಕಿತು.

"ನಿನ್ನ ದಾರಿ ನೀನು ನೋಡ್ಕೋ," ಎಂದ ಜರಿಯಪ್ಪ. "ಇವಳು ಮೆತ್ತಗಾಗ್ಲಿ ಅಂತ ಕಾಯ್ತಾ ಕೂತಿದ್ದೀನಿ. ಈ ಊಟ ನಂದು, ಮನೇನೂ ನಂದು."

ಈ ಮಾತು ಬಿಲದ ತಳಕ್ಕೆ ಕೇಳಿಸಿತು. ಕೆಂಚಿಗೆ ಜೀವ ಹೋದಂತಾಯಿತು. ಓಡಿಹೋಗಲು ಇನ್ನೊಂದು ದಾರಿ ಇರಲಿಲ್ಲ. ಕಾಲಲ್ಲಿ ಕಸುವಿರಲಿಲ್ಲ. ಹೊಸ ಹಲ್ಲು ಇನ್ನೂ ಮೆತ್ತಗೆ, ಹಾಲಿನಷ್ಟು ಬೆಳ್ಳಗಿದ್ದವು. ಅವನನ್ನು ನಂಬಿದ್ದಕ್ಕೆ ತನ್ನನ್ನೇ ಹಳಿದುಕೊಂಡಳು. ಆಮೇಲೆ ಒಂದು ಕಾಲನ್ನೂ ಅಲ್ಲಾಡಿಸದೆ ಸುಮ್ಮನೆ ಮಲಗಿದಳು. ಬೆಳ್ಳಗಿದ್ದ ಹಲ್ಲು ಕೆಂಪಾದವು. ಕೆಂಪಗಿದ್ದವು ಕಪ್ಪಾಗಿ ಗಟ್ಟಿಯಾದವು. ಅಷ್ಟು ದಿನವೂ ಜರಿಯಪ್ಪ ಬಾಗಿಲಲ್ಲಿ ಕೂತು ಒಂದು ನೊಣವನ್ನೂ ಒಳಗೆ ಬಿಡಲಿಲ್ಲ.

ಕೊನೆಗೆ ಅವನಿಗೆ ಹಸಿವು ತಡೆಯಲಾಗಲಿಲ್ಲ. ಗಟ್ಟಿಯೋ ಮೆತ್ತಗೋ, ಆದದ್ದಾಗಲಿ ಎಂದು ಪೊರೆಯ ಮೇಲೆ ಎರಗಿದ. ಬಾಯಿಗೆ ಸಿಕ್ಕಿದ್ದು ಒಣ ತರಗೆಲೆಯಂಥ ಸಿಪ್ಪೆ. ತಬ್ಬಿಬ್ಬಾಗಿ ಇನ್ನಷ್ಟು ಒಳಗೆ ನುಗ್ಗಿದ.

"ಅದು ಹಳೇದು ಮಾವ," ಎಂದಳು ಕೆಂಚಿ ಒಳಗಿನಿಂದ. "ನಾನು ಇಲ್ಲಿದ್ದೀನಿ."

ಅವಳು ಮೊದಲಿಗಿಂತ ದೊಡ್ಡವಳಾಗಿದ್ದಳು. ಜರಿಯಪ್ಪ ತಿರುಗಿ ಓಡಲು ನೋಡಿದ. ಬಿಲ ಇಕ್ಕಟ್ಟಾಗಿತ್ತು, ತಿರುಗಲು ಆಗಲಿಲ್ಲ. ಇಷ್ಟು ದಿನ ನಿನ್ನನ್ನು ಕಾಪಾಡಿದವನು ನಾನೇ ಅಲ್ಲವೇ ಎಂದು ಗೋಗರೆದ. ಹೌದೆಂದು ಕೆಂಚಿ ಒಪ್ಪಿಕೊಂಡಳು. ಆದರೆ ಅವಳು ಊಟ ಮಾಡಿ ಬಹಳ ದಿನವಾಗಿತ್ತು. ಹೊಸ ಹಲ್ಲಿನಲ್ಲಿ ಅವಳು ಮಾಡಿದ ಮೊದಲ ಊಟ ಜರಿಯಪ್ಪನೇ.

ನೀತಿ: ಇನ್ನೊಬ್ಬರು ಕೈಲಾಗದೆ ಬಿದ್ದಿರುವ ಹೊತ್ತು ನೋಡಿ ಹೊಂಚು ಹಾಕುವವನು, ಅವರು ಚೇತರಿಸಿಕೊಂಡು ಎದ್ದಾಗ ತಾನೇ ಸಿಕ್ಕಿಬೀಳುತ್ತಾನೆ.