ರೇಷ್ಮೆ ವರ್ತಕನ ಕಾರಿನ ಹಿಂಬದಿಯ ಕಿಟಕಿ

"ಗುರುಗಳೇ, ಮನಸ್ಸನ್ನು ಪೂರ್ತಿಯಾಗಿ ತಿಳಿ ಮಾಡಿಕೊಳ್ಳುವುದು ಹೇಗೆ?" ಎಂದು ಶಿಷ್ಯನು ಕೇಳಿದನು.

ಅವನ ಅಕ್ಕ ಬೆಳಗಿನಿಂದ ಆಶ್ರಮದ ಹೊರಜಗಲಿಯಲ್ಲಿ ಕುಳಿತಿದ್ದಳು. ತನ್ನೊಡನೆ ಜಗಳವಾಡಿ ಮನೆ ಬಿಟ್ಟು ಬಂದ ತಮ್ಮನನ್ನು ಒಮ್ಮೆ ನೋಡಿಹೋಗಲು ದೂರದಿಂದ ಬಂದಿದ್ದಳು. ಸಂಜೆಯ ಬಸ್ಸಿಗೆ ಹಿಂದಿರುಗಬೇಕಿತ್ತು. ಶಿಷ್ಯನ ಮನಸ್ಸಿನಲ್ಲಿ ಹಳೆಯ ಸಿಟ್ಟು ಸ್ವಲ್ಪ ಉಳಿದಿತ್ತು. ಅದು ಕಳೆಯುವವರೆಗೆ ಅಕ್ಕನ ಮುಖ ನೋಡಬಾರದೆಂದು ಅವನು ನಿಶ್ಚಯಿಸಿದ್ದನು.

ಗುರುಗಳು ಈ ಕತೆಯನ್ನು ಹೇಳಿದರು.

ಒಬ್ಬ ರೇಷ್ಮೆ ವರ್ತಕನಿದ್ದನು. ಮೇಲ್ಹೊದಿಕೆಯನ್ನು ಹಿಂದಕ್ಕೆ ಮಡಚಿಡಬಹುದಾದ ಒಂದು ಕಾರು ಅವನಲ್ಲಿತ್ತು. ಹೊದಿಕೆ ದಪ್ಪ ಬಟ್ಟೆಯದು. ಅದರ ಹಿಂಬದಿಗೆ ಕಿಟಕಿಯಾಗಿ ಪಾರದರ್ಶಕವಾದ ಪ್ಲಾಸ್ಟಿಕ್ ಹಾಳೆಯನ್ನು ಹೊಲಿದಿದ್ದರು. ಒಂದೇ ಮಡಿಕೆಯಲ್ಲಿ ಬಹುಕಾಲ ಇಟ್ಟ ರೇಷ್ಮೆ ಸೀರೆ ಆ ಮಡಿಕೆಯಲ್ಲಿಯೇ ಸೀಳುತ್ತದೆಂದು ವರ್ತಕನು ಬಲ್ಲನು. ಆ ಭಯದಿಂದ ಕಾರಿನ ಹೊದಿಕೆಯನ್ನು ಅವನು ಒಮ್ಮೆಯೂ ಮಡಚಲಿಲ್ಲ. ರೇಷ್ಮೆಗೆ ನೀರು ತಾಗಿಸದ ಅಭ್ಯಾಸ ಅವನದು. ಕಿಟಕಿಯನ್ನೂ ದಿನವೂ ಒಣ ರೇಷ್ಮೆಯ ತುಂಡಿನಿಂದಲೇ ಒರೆಸಿದನು. ಬಟ್ಟೆಯಡಿಯಲ್ಲಿ ಸಿಕ್ಕಿದ ಧೂಳು ಹಾಳೆಯ ಮೇಲೆ ಕೂದಲೆಳೆಯಂಥ ಗೀರುಗಳನ್ನು ಎಳೆಯುತ್ತ ಹೋಯಿತು. ಅವನ ಅಕ್ಕರೆಯಿಂದಲೇ ಕಿಟಕಿ ಮಸುಕಾಯಿತು.

ಮಗಳ ಮದುವೆ ಗೊತ್ತಾಯಿತು. ಕೊಟ್ಟ ಊರು ಬಹಳ ದೂರ. ಹೋದವಳು ಮತ್ತೆ ಎಂದು ಬರುವಳೋ ಹೇಳುವಂತಿರಲಿಲ್ಲ. ಅವರ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಮಡಿಲು ತುಂಬಿ ಮಗಳನ್ನು ಕಳುಹಿಸಿದ ಮೇಲೆ ತಾಯಿ ಹೊಸ್ತಿಲು ದಾಟಬಾರದು. ಬೀದಿಯ ತಿರುವಿನಲ್ಲಿ ಮಗಳು ಒಮ್ಮೆ ಹಿಂದಿರುಗಿ ನೋಡಬೇಕು. ತಾಯಿ ನಿಂತಲ್ಲಿಂದಲೇ ಆ ಮುಖವನ್ನು ಕಣ್ತುಂಬಿಕೊಳ್ಳಬೇಕು. ಈ ಮಗಳು ಆ ಕಾರಿನಲ್ಲಿಯೇ ಹೊರಡುವವಳಿದ್ದಳು.

"ಹಾಲು ಹೆಪ್ಪುಗಟ್ಟಿದ ಹಾಗಿದೆ ನಿಮ್ಮ ಕಿಟಕಿ. ಅದರಲ್ಲಿ ನನಗೆ ಯಾವ ಮುಖ ಕಂಡೀತು?" ಎಂದು ವರ್ತಕನ ಹೆಂಡತಿ ಕೇಳಿದಳು.

ವರ್ತಕನು ಕಾರಿನ ಕೆಲಸ ಬಲ್ಲವರನ್ನು ವಿಚಾರಿಸಿದನು. ಮೊದಲು ಧೂಳೆಲ್ಲ ಹರಿದುಹೋಗುವಂತೆ ನೀರು ಸುರಿಯಬೇಕು, ವಾಟರ್ ಪೇಪರ್ ಎಂಬ ನಯವಾದ ಉಜ್ಜುಕಾಗದವನ್ನು ನೆನೆಸಿ ಹಗುರವಾಗಿ ಉಜ್ಜಬೇಕು, ಅದಕ್ಕಿಂತ ನಯವಾದುದರಿಂದ ಮತ್ತೆ ಉಜ್ಜಬೇಕು, ಕೊನೆಗೆ ಪಾಲಿಶ್ ಹಚ್ಚಿ ಮೆದು ಬಟ್ಟೆಯಿಂದ ತಿಕ್ಕಬೇಕು ಎಂದು ಅವರು ತಿಳಿಸಿದರು. ಅವನು ಅದರಂತೆಯೇ ನಡೆದನು. ಉಜ್ಜತೊಡಗಿದೊಡನೆ ಕಿಟಕಿ ಮೊದಲಿಗಿಂತಲೂ ಬೆಳ್ಳಗಾಯಿತು. ಆದರೂ ಅವನು ಕೈ ಬಿಡಲಿಲ್ಲ.

ಒಂದು ದಿನ, ಹಾಲಿಗೆ ನೀರು ಬೆರೆತಂತೆ ಆ ಬಿಳುಪು ತೆಳುವಾಗತೊಡಗಿತು. ಅದರೊಳಗೆ ಅಂಗಳದ ಪಾರಿಜಾತದ ಗಿಡ ತೇಲಿ ಬಂದಿತು. ಗೋಡೆ ಬಂದಿತು, ಬೀದಿ ಬಂದಿತು. ಅಂಗಳದಲ್ಲಿ ಓಡಾಡುವ ಮಗಳು ನೀರಿನಡಿಯ ಮೀನಿನಂತೆ ಹಾಳೆಯಲ್ಲಿ ಸುಳಿದು ಮರೆಯಾಗುತ್ತಿದ್ದಳು. ವರ್ತಕನು ತಲೆಯೆತ್ತಿ ಅವಳನ್ನು ನೋಡುತ್ತಿರಲಿಲ್ಲ. ಹಾಳೆಯೊಳಗಿನ ಸುಳಿವನ್ನೇ ನೋಡುತ್ತಿದ್ದನು. ಅವಳು ಊಟಕ್ಕೆ ಕರೆದರೆ ಕನಸಿನಲ್ಲಿ ಯಾರೋ ಕರೆದಂತೆ ಓಗೊಡುತ್ತಿದ್ದನು. ಮದುವೆಯ ಹೊತ್ತಿಗೆ ಕಿಟಕಿ ಇದೆಯೋ ಇಲ್ಲವೋ ಎನ್ನುವಷ್ಟು ತಿಳಿಯಾಯಿತು. ಹೆಣ್ಣಿಗಿಂತ ಕಿಟಕಿಗೇ ಸಿಂಗಾರ ಹೆಚ್ಚಾಗಿದೆ ಎಂದು ಬೀಗರು ನಗೆಯಾಡಿದರು.

ಇಳಿಹೊತ್ತಿನಲ್ಲಿ ಮಗಳು ಗಂಡನೊಡನೆ ಕಾರಿನ ಹಿಂಬದಿಯ ಸೀಟಿನಲ್ಲಿ ಕುಳಿತಳು. ಮಡಿಲಲ್ಲಿ ಅಕ್ಕಿ, ಕಾಯಿ ಇದ್ದವು. ವರ್ತಕನು ಹೊರಗೆ ನಿಂತು ಕಿಟಕಿಯನ್ನು ಕೊನೆಯ ಬಾರಿಗೆ ಒರೆಸುತ್ತಿದ್ದನು.

"ಅಪ್ಪಾ, ಅಮ್ಮನನ್ನು ಚೆನ್ನಾಗಿ ನೋಡಬೇಕು ಅನಿಸ್ತಿದೆ. ಈ ಟಾಪು ಮಡಚೋದಕ್ಕೆ ಆಗೋದಿಲ್ವಾ?" ಎಂದು ಮಗಳು ಕೇಳಿದಳು.

"ಮಡಚಿದರೆ ಕಿಟಕಿಗೆ ಸುಕ್ಕು ಬೀಳತ್ತಮ್ಮಾ. ಇಷ್ಟು ದಿನ ಉಜ್ಜಿದ್ದು ಯಾರಿಗೋಸ್ಕರ?" ಎಂದನು ವರ್ತಕನು.

ಚಾಲಕನು ಕಾರನ್ನು ಹೊರಡಿಸಿದನು. ತಿರುವಿನಲ್ಲಿ ಅವಳು ಹಿಂದಿರುಗಿ ನೋಡಿದಳು. ಅದೇ ಗಳಿಗೆಯಲ್ಲಿ ಇಳಿಬಿಸಿಲು ನಯವಾದ ಹಾಳೆಯ ಮೇಲೆ ಬಿದ್ದಿತು. ಕಿಟಕಿಯ ತುಂಬ ಬಂಗಾರದ ಬೆಳಕು ನಿಂತಿತು. ಹೊಸ್ತಿಲಲ್ಲಿದ್ದ ತಾಯಿ ಕಣ್ಣಿಗೆ ಕೈ ಅಡ್ಡ ಹಿಡಿದಳು. ಕೈ ಇಳಿಸಿದಾಗ ಬೀದಿಯಲ್ಲಿ ಕಾರು ಇರಲಿಲ್ಲ.

ವರ್ತಕನು ಹೊಸ್ತಿಲ ಬಳಿಗೆ ಬಂದು, ಮಗಳು ಕಂಡಳೇ ಎಂದು ಕೇಳಿದನು.

"ಕಿಟಕಿ ಬಹಳ ಹೊಳೀತಿತ್ತು, ರೀ" ಎಂದು ಹೇಳಿ ಹೆಂಡತಿ ಒಳಗೆ ಹೋದಳು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನು, "ಹಾಗಾದರೆ ಅವನು ಉಜ್ಜಿದ್ದೇ ತಪ್ಪಾಯಿತೇ?" ಎಂದು ಕೇಳಿದನು.

ಗುರುಗಳು ಅಕ್ಕ ಕುಳಿತಿದ್ದ ಹೊರಜಗಲಿಯ ಕಡೆಗೆ ನೋಡಿ ಹೇಳಿದರು:

"ತಪ್ಪೇನಿಲ್ಲಪ್ಪಾ, ಆ ಕಿಟಕಿ ಇವತ್ತಿಗೂ ಅಷ್ಟೇ ತಿಳಿಯಾಗಿದೆ."