ಹಿಂಗಾಲಿಗೆ ಕಟ್ಟಿದ ನೂಲು

ಕಡಲ ತೀರದಿಂದ ಬಂದ ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಮೊಟ್ಟೆ ಹೊತ್ತ ಏಡಿಯನ್ನು ನಾನು ನೀರಿಗೆ ಬಿಟ್ಟರೆ ಪಕ್ಕದ ಬಲೆಯವನು ಅದನ್ನೇ ಹಿಡಿದು ಮಾರುತ್ತಾನೆ. ಹೀಗಿರುವಾಗ ಬಿಡುವವನು ಪೆದ್ದನಲ್ಲವೇ?”

“ಪೆದ್ದಿ ಎನಿಸಿಕೊಂಡವಳೊಬ್ಬಳನ್ನು ನಾನು ಬಲ್ಲೆ. ಕೇಳು,” ಎಂದರು ಗುರುಗಳು.

ನದಿ ಕಡಲನ್ನು ಸೇರುವ ಅಳಿವೆಯಲ್ಲಿ ಒಂದು ಊರು. ಏಡಿಯೇ ಅವರ ಬದುಕು. ವರ್ಷದಿಂದ ವರ್ಷಕ್ಕೆ ಏಡಿ ಕಡಿಮೆಯಾಯಿತು, ಬಲೆ ಹೆಚ್ಚಾಯಿತು. ಮೊಟ್ಟೆ ಹೊತ್ತ ಏಡಿಯನ್ನು ಹಿಡಿಯಬಾರದೆಂದು ಸರಕಾರ ಹೊಸ ಕಾನೂನು ತಂದು ದಡದಲ್ಲಿ ಹಲಗೆ ನೆಟ್ಟಿತು. ಎಲ್ಲರೂ ಓದಿದರು. ಮೊದಲು ಪಕ್ಕದವನು ಪಾಲಿಸಲಿ ಎಂದು ಎಲ್ಲರೂ ಕಾದರು.

ಆ ಊರಿನಲ್ಲಿ ಒಬ್ಬ ಮೀನುಗಾರ್ತಿ ಇದ್ದಳು. ಮೊಟ್ಟೆಯ ಏಡಿಗೆ ಪೇಟೆಯಲ್ಲಿ ಒಳ್ಳೆಯ ಬೆಲೆ ಎಂಬುದು ಅವಳಿಗೂ ಗೊತ್ತಿತ್ತು. ಆದರೂ ಅಂಥದ್ದು ಸಿಕ್ಕಾಗ ಬಲೆ ಹೆಣೆಯುವ ನೂಲಿನ ತುಂಡೊಂದನ್ನು ಅದರ ಹಿಂಗಾಲಿಗೆ ಕಟ್ಟಿ ನೀರಿಗೆ ಬಿಡತೊಡಗಿದಳು.

“ಏನಕ್ಕಾ, ಏಡಿಗೂ ಕಾಲ್ಗೆಜ್ಜೆಯೇ?” ಎಂದು ಜನ ನಕ್ಕರು.

“ಹಲಗೆ ಇರುವುದು ದಡದಲ್ಲಿ, ಏಡಿ ಇರುವುದು ನೀರಲ್ಲಿ. ಇದನ್ನು ಯಾರೋ ಬಿಟ್ಟಿದ್ದಾರೆ ಅಂತ ಹಿಡಿದವನಿಗೆ ತಿಳಿಯಬೇಕಲ್ಲ,” ಎಂದಳು.

ಅವಳ ಬಲೆಯ ಆಚೆ, ಕಡಲಿಗೆ ಹತ್ತಿರದಲ್ಲಿ, ಇನ್ನೊಬ್ಬ ಮೀನುಗಾರ ಬಲೆ ಇಡುತ್ತಿದ್ದ. ಮೊಟ್ಟೆ ಹೊತ್ತ ಏಡಿ ಕಡಲಿಗೆ ಇಳಿಯುವುದು ಅದೇ ದಾರಿಯಲ್ಲಿ. ಅವಳು ಬಿಟ್ಟದ್ದೆಲ್ಲ ಅವನ ಪಾಲಾಯಿತು. ಅವನು ಹಿಂಗಾಲಿನ ನೂಲು ಬಿಚ್ಚಿ, ಅದೇ ನೂಲಿನಿಂದ ಏಡಿಯ ಕಚ್ಚುವ ಕೊಂಡಿಗಳನ್ನು ಬಿಗಿದು, ಪೇಟೆಗೆ ಒಯ್ಯುತ್ತಿದ್ದ.

“ಅಕ್ಕಾ, ಏಡಿಯ ಜೊತೆ ನೂಲನ್ನೂ ಕಳಿಸುತ್ತೀಯಲ್ಲ, ದೊಡ್ಡ ಮನಸ್ಸು ನಿನ್ನದು. ಸ್ವಲ್ಪ ಉದ್ದ ಕಟ್ಟು ಮಾರಾಯ್ತಿ, ಕೊಂಡಿಗೆ ಸಾಲುತ್ತಿಲ್ಲ!” ಎಂದು ಅವನು ಒಮ್ಮೆ ಅವಳನ್ನು ಕೆಣಕಿದ.

“ಆಗಲಪ್ಪ,” ಎಂದಳು. ಮರುದಿನದಿಂದ ನೂಲು ಉದ್ದವಾಯಿತು. ನೂಲು ಉದ್ದವಾದಷ್ಟೂ ಗಂಟುಗಳು ಹೆಚ್ಚಾದವು.

ಇತ್ತ ಅವಳ ಬುಟ್ಟಿ ಹಗುರಾಗುತ್ತ ಬಂತು. ಇನ್ನೇನು, ಬಲೆ ಮಾರಿ ಕೂಲಿಗೆ ಹೋಗುತ್ತಾಳೆ ಎಂದು ಊರು ಮಾತಾಡಿಕೊಂಡಿತು.

ಏಡಿ ಹಿಡಿಯುವುದು ಬಲೆಯ ಕೆಲಸ. ಅದಕ್ಕೆ ಯೋಚನೆ ಬೇಕಿಲ್ಲ. ಗಂಟು ಬಿಚ್ಚುವುದು ಕೈಯ ಕೆಲಸ. ಪ್ರತಿ ಸಲವೂ ಅವನು ಏಡಿಯನ್ನು ಅಂಗಾತ ಮಾಡಿಕೊಂಡು ಕೂರಬೇಕಾಯಿತು. ಕಣ್ಣೆದುರು ಮೊಟ್ಟೆಯ ಗೊಂಚಲು, ಬೆರಳಿನಲ್ಲಿ ಅವಳ ಗಂಟು. ಒಂದು ದಿನ ಗಂಟು ಬಿಚ್ಚಿಕೊಳ್ಳಲೇ ಇಲ್ಲ. ಕತ್ತಿ ಸೊಂಟದಲ್ಲೇ ಇತ್ತು. ಯಾಕೋ, ಕತ್ತರಿಸಲು ಕೈ ಬರಲಿಲ್ಲ.

“ಥೂ, ಇವಳ ಗಂಟೇ!” ಎಂದು ಏಡಿಯನ್ನು ನೂಲಿನ ಸಮೇತ ನೀರಿಗೆಸೆದ.

ಅವನ ಮುಂದಿನ ಬಲೆಯಲ್ಲಿ ಇನ್ನೊಂದು ಮೊಟ್ಟೆಯ ಏಡಿ ಇತ್ತು. ಅದರ ಕಾಲಲ್ಲಿ ಯಾರ ನೂಲೂ ಇರಲಿಲ್ಲ. ಅದನ್ನು ತುಂಬ ಹೊತ್ತು ನೋಡುತ್ತ ಕುಳಿತ. ಆಮೇಲೆ ತನ್ನ ಬಲೆಯಿಂದಲೇ ನೂಲು ಕಿತ್ತು ಅದಕ್ಕೆ ಕಟ್ಟಿ ಬಿಟ್ಟ.

“ನಿನಗೇನಾಯಿತೋ?” ಎಂದು ಜೊತೆಯವರು ಕೇಳಿದರು.

“ಬಿಚ್ಚಿ ಬಿಚ್ಚಿ ಉಗುರು ಸವೆಯಿತು ಮಾರಾಯ. ಕಟ್ಟುವುದೇ ಸುಲಭ,” ಎಂದ.

ಮುಂದಿನ ವರ್ಷ ಅಳಿವೆಯಲ್ಲಿ ಬೇರೆ ಬೇರೆ ಮನೆಗಳ ನೂಲು ಕಟ್ಟಿಕೊಂಡ ಏಡಿಗಳು ಓಡಾಡಿದವು. ಅವುಗಳ ಮರಿಗಳೂ ಬಂದವು. ಮೀನುಗಾರ್ತಿ ಬಲೆ ಮಾರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಲೆಯಾಡಿಸಿದ.

“ಅವಳ ಪುಣ್ಯ ಗುರುಗಳೇ, ಆ ಮನುಷ್ಯನಿಗೆ ನಾಚಿಕೆ ಅನ್ನುವುದೊಂದಿತ್ತು. ನನ್ನ ಪಕ್ಕದ ಬಲೆಯವನನ್ನು ನೀವು ನೋಡಿಲ್ಲ.”

“ನೋಡಿದ್ದೇನೆ,” ಎಂದರು ಗುರುಗಳು, “ನಿನ್ನೆ ಇಲ್ಲೇ ಕುಳಿತು ನಿನ್ನ ವಿಷಯದಲ್ಲಿ ಇದೇ ಮಾತು ಹೇಳಿ ಹೋದ.”