ಕೆನ್ನೆಯ ಮೇಲಿನ ಎರಡು ಚುಕ್ಕೆ

ಕಪಿಲೆಯ ದಡದಲ್ಲೊಂದು ಸಣ್ಣ ಮಠ. ಮಠಕ್ಕೊಂದು ವೆಬ್‌ಸೈಟ್ ಆಗಲೇಬೇಕೆಂದು ಭಕ್ತರು ಹಟ ಹಿಡಿದರು. ಹಳೇ ಫೋಟೋಗಳನ್ನು ಸ್ಕ್ಯಾನ್ ಮಾಡಿ ಸಿದ್ಧಪಡಿಸುವ ಕೆಲಸ ಶಿಷ್ಯ ಸಿದ್ದಮಲ್ಲುವಿನ ತಲೆಗೆ ಬಿತ್ತು. ಇದೇನು ಮಹಾ ಕೆಲಸ ಎಂದುಕೊಂಡಿದ್ದ, ಪಾಪ.

ಎಲ್ಲ ಮುಗಿದು ಒಂದೇ ಒಂದು ಉಳಿಯಿತು. ಲಿಂಗೈಕ್ಯರಾದ ದೊಡ್ಡ ಬುದ್ಧಿಯವರದು, ಅಂದರೆ ಗುರುಗಳ ಗುರುಗಳದು. ಅವರದೆಂದು ಇರುವುದೇ ಅದೊಂದು. ಕೆನ್ನೆಯ ಮೇಲೆ ಎರಡು ಕಪ್ಪು ಚುಕ್ಕೆ.

ಮಚ್ಚೆಯೋ, ಫೋಟೋಗೆ ಹಿಡಿದ ಬೂಷ್ಟೋ? ಒಂದನ್ನು ಅಳಿಸಿದ. ಯಾಕೋ ಸರಿಬರಲಿಲ್ಲ, ಮತ್ತೆ ತಂದ. ಇನ್ನೊಂದನ್ನು ಅಳಿಸಿದ. ಎರಡನ್ನೂ ಅಳಿಸಿದ. ಪ್ರತಿ ಸಲವೂ ಬೇರೆ ಯಾರೋ ತನ್ನನ್ನು ನೋಡಿದ ಹಾಗಾಯಿತು. ತಲೆ ಕೆಟ್ಟು ಕೆರ ಹಿಡಿದುಹೋಯಿತು. ನಾಳೆಯೇ ಉದ್ಘಾಟನೆ. ಇಲ್ಲದ ಮುಖವೊಂದನ್ನು ತೋರಿಸಿ, ಇವರೇ ದೊಡ್ಡ ಬುದ್ಧಿಯವರು ಅಂದುಬಿಟ್ಟರೆ? ಅವನಿಗೆ ಹೆದರಿಕೆಯಾಯಿತು.

ಅವರನ್ನು ಕಣ್ಣಾರೆ ಕಂಡವರು ಈಗ ಗುರುಗಳೊಬ್ಬರೇ. ಲ್ಯಾಪ್‌ಟಾಪ್ ಎತ್ತಿಕೊಂಡು ಗುರುಗಳು ಕೂತಿದ್ದ ಹೊಳೆಯ ಮೆಟ್ಟಿಲಿಗೆ ಓಡಿದ.

"ಬುದ್ಧೀ, ದೊಡ್ಡ ಬುದ್ಧಿಯವರಿಗೆ ಕೆನ್ನೆಯಲ್ಲಿ ಮಚ್ಚೆ ಇತ್ತೇ?"

ಗುರುಗಳು ಬಹಳ ಹೊತ್ತು ನೋಡಿದರು.

"ಇವರು ಯಾರೋ ಮಲ್ಲು?"

"ಅಯ್ಯೋ! ಅವರೇ ಅಲ್ಲವೇ ಬುದ್ಧೀ?"

"ಪಾದ ಎಲ್ಲಿ?"

"ಕತ್ತರಿಸಿದೆ. ವೆಬ್‌ಸೈಟಿನಲ್ಲಿ ಮುಖಕ್ಕಷ್ಟೇ ಜಾಗ."

"ಪೂರ್ತಿ ತೋರಿಸು."

ಇಡೀ ಫೋಟೋ ತೆರೆದ. ಗುರುಗಳು ಸ್ಕ್ರೀನಿನ ಬುಡಕ್ಕೆ ಬಗ್ಗಿದರು. ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಅದನ್ನು ಕಂಡದ್ದೇ ಅವರ ಕಣ್ಣು ತುಂಬಿತು.

"ಇವರೇ. ಹನ್ನೆರಡು ವರ್ಷ ಈ ಪಾದ ತೊಳೆದೆನಪ್ಪ. ತಲೆ ಎತ್ತಿ ಮುಖ ನೋಡುವ ಧೈರ್ಯ ಒಂದು ದಿನವೂ ಬರಲಿಲ್ಲ."

ಸಿದ್ದಮಲ್ಲುವಿಗೆ ದಿಕ್ಕೇ ತೋಚಲಿಲ್ಲ. "ಹಾಗಾದರೆ ಯಾವ ಚುಕ್ಕೆ ಅಳಿಸಲಿ ಬುದ್ಧೀ?"

"ಗೊತ್ತಿಲ್ಲದ್ದನ್ನು ಅಳಿಸಬೇಡ. ಎರಡೂ ಇರಲಿ. ಪಾದವೂ ಇರಲಿ."

ತಲೆ ತಗ್ಗಿಸಿ ಕೈಮುಗಿದು ಹೊರಟ.

"ನಿಲ್ಲು, ತಿರುಗಬೇಡ. ನನ್ನ ಕೆನ್ನೆಯಲ್ಲಿ ಮಚ್ಚೆ ಇದೆಯೇನೋ?"

ಆರು ವರ್ಷ ಜೊತೆಯಲ್ಲೇ ಇದ್ದವನು. ಇದೆ ಎನ್ನಲೋ, ಇಲ್ಲ ಎನ್ನಲೋ? ಅವರ ಪಾದದ ಒಂದೊಂದು ಬಿರುಕೂ ನೆನಪಿತ್ತು. ಮುಖ ಮಾತ್ರ ಎಷ್ಟು ಯೋಚಿಸಿದರೂ ಬರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದ.

ಗುರುಗಳೇ ಎದ್ದು ಬಂದು ಅವನೆದುರು ನಿಂತರು.

"ತಲೆ ಎತ್ತು ಮಗಾ, ಸರಿಯಾಗಿ ನೋಡಿಕೋ. ನಾನು ಹೋದ ಮೇಲೆ ನನ್ನ ಫೋಟೋ ಹಿಡಿದುಕೊಂಡು ಯಾರಾದರೂ ನಿನ್ನನ್ನೇ ಕೇಳಲು ಬಂದಾರು."